ಬೆನ್ನ ಹಿಂದಿನ ದಾರ

ಗದಗ ಹೊಸ ಜಿಲ್ಲೆಯಾದ ಮರುವರ್ಷ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬೆಟಗೇರಿಯ ಮನೆಗೆ ಮರಳಿದ್ದೆ. ಅಪ್ಪನ ಬಲಗೈ ಬಿದ್ದುಹೋಗಿತ್ತು. ಬಾಯಲ್ಲಿ ನಾಲ್ಕಾರು ಶಬ್ದ ಉಳಿದಿದ್ದವು. ಮಗ್ಗದ ಕೋಣೆಗೆ ಬೆನ್ನು ಮಾಡಿ ಮಲಗಿಬಿಡುತ್ತಿದ್ದರು. ಊಟಕ್ಕೂ ನಾವೇ ಏಳಿಸಬೇಕಿತ್ತು.

ನೇಯ್ಗೆ ಬಿಟ್ಟರೆ ಅವರಿಗಿದ್ದ ಹುಚ್ಚು ಒಂದೇ, ತುಂಗಭದ್ರೆಯಲ್ಲಿ ಮೀನು ಹಿಡಿಯುವುದು. ಅದೂ ಎರೆಹುಳು ಚುಚ್ಚದೆ. ಹೊಳೆಯ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಬಳುಕುವ ಕೋಲನ್ನೂ ದಪ್ಪ ದಾರವನ್ನೂ ಕೊಟ್ಟಿದ್ದರು. ಅಪ್ಪ ಗಾಳಕ್ಕೆ ಹುಂಜದ ಪುಕ್ಕವಿಟ್ಟು, ಸೀರೆಯ ರೇಷ್ಮೆ ಎಳೆ ಸುತ್ತಿ ನೊಣ ಮಾಡುತ್ತಿದ್ದರು. ಆ ನೊಣಕ್ಕೆ ತೂಕವಿಲ್ಲ. ಕೋಲನ್ನು ಹಿಂದಕ್ಕೆ ಬೀಸಿ ಮತ್ತೆ ಮುಂದಕ್ಕೆ ಬೀಸಿದರೆ, ದಾರದ ಭಾರವೇ ಅದನ್ನು ದೂರ ಒಯ್ಯುತ್ತದೆ.

ಅವರ ಕಣ್ಣೆದುರು ನಾನು ಒಂದು ಸಲ ಹಾಗೆ ಬೀಸಿದರೆ ಅವರಿಗೆ ಮತ್ತೆ ಏಳುವ ಮನಸ್ಸಾದೀತು ಎಂದು ನಂಬಿದೆ. ಬೇರೆ ಉಪಾಯ ನನಗೆ ತೋಚಿರಲಿಲ್ಲ.

ಭಾನುವಾರಗಳಂದು ಅಪ್ಪನ ತಮ್ಮ, ನಮ್ಮ ಕಾಕಾ, ತಮ್ಮ ಟಂಟಂ ರಿಕ್ಷಾದಲ್ಲಿ ನಮ್ಮನ್ನು ಮುಂಡರಗಿ ದಾಟಿಸಿ ಹೊಳೆಗೆ ಕರೆದೊಯ್ಯುತ್ತಿದ್ದರು. ಅಪ್ಪನನ್ನು ದಂಡೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿ ನಾನು ನೀರಿಗಿಳಿಯುತ್ತಿದ್ದೆ. ದಾರ ನನ್ನ ಕಾಲ ಬಳಿಯೇ ಮುದ್ದೆಯಾಗಿ ಬೀಳುತ್ತಿತ್ತು. ಗಾಳ ಒಮ್ಮೆ ಓಢಣಿಗೆ, ಒಮ್ಮೆ ಹಿಂದಿನ ಜಾಲಿಗೆ ಸಿಕ್ಕುತ್ತಿತ್ತು.

"ಏನವಾ, ಜಾಲಿಗಿಡದಾಗ ಮೀನ ಗೂಡ ಕಟ್ಯಾವೇನು?" ಎಂದರು ಕಾಕಾ.

"ಸುಮ್ಮ ಕುಂಡ್ರಿ ಕಾಕಾ."

"ನಾ ಸುಮ್ಮನ ಕುಂತೀನಿ. ನಿನ್ನ ಕೋಲ ಕುಂಡ್ರವಲ್ದು."

ನಾನು ಬೀಸಿದಾಗಲೆಲ್ಲ ಅಪ್ಪ "ತಡಿ" ಎನ್ನುತ್ತಿದ್ದರು. ನಿಲ್ಲಿಸು, ಸಾಕು ಎನ್ನುತ್ತಿದ್ದಾರೆ ಎಂದುಕೊಂಡು ಕೋಲನ್ನು ಮುಂದಕ್ಕೆಳೆದು ಇಳಿಸುತ್ತಿದ್ದೆ. ಇಳಿಸಿದಷ್ಟೂ ಅವರ ಮುಖ ಬಿಗಿಯುತ್ತಿತ್ತು. ಹಲವು ಭಾನುವಾರಗಳು ಹೀಗೇ ಹೋದವು.

ಒಂದು ದಿನ ತೋಳು ಸೋತು, ಕೋಲನ್ನು ಇಳಿಸಲೂ ಆಗದೆ ಹಿಂದಕ್ಕೆತ್ತಿದವಳು ಹಾಗೇ ನಿಂತೆ. "ತಡಿ" ಎಂದರು ಅಪ್ಪ, ಈ ಸಲ ಮೆಲ್ಲಗೆ. ಕೋಲು ನನ್ನ ಬೆನ್ನ ಹಿಂದೆ ಇದ್ದಾಗ ಮಾತ್ರ ಆ ಮಾತು ಬರುತ್ತಿತ್ತು ಎಂಬುದು ಆಗ ಹೊಳೆಯಿತು. ನಿಲ್ಲಿಸು ಎಂದಲ್ಲ, ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯು ಎಂದು. ನಾನು ಯಾವಾಗಲೂ ಅವಸರದಲ್ಲಿ ಮುಂದಕ್ಕೆ ಎಳೆಯುತ್ತಿದ್ದೆ.

ಮತ್ತೆ ಬೀಸಿದೆ. ಕಾದೆ. ದಾರ ತಲೆಯ ಮೇಲಿಂದ ನೆಟ್ಟಗೆ ಹೋಗಿ ನೊಣ ದೂರದ ನೀರಿನ ಮೇಲೆ ಸದ್ದಿಲ್ಲದೆ ಕೂತಿತು.

"ಬಿತ್ ನೋಡಣ್ಣಾ," ಎಂದರು ಕಾಕಾ.

ನಾನು ತಿರುಗಿದೆ. ಅಪ್ಪ ನೀರನ್ನು ನೋಡುತ್ತಿರಲಿಲ್ಲ. ತೊಡೆಯ ಮೇಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ, ಸ್ವಲ್ಪ ಹೊತ್ತು ನೋಡಿ, ಮತ್ತೆ ಕೆಳಗಿಟ್ಟರು. ಆಮೇಲೆ ಮುಖವನ್ನು ಟಂಟಂ ಕಡೆಗೆ ತಿರುಗಿಸಿದರು.

ಮುಂದಿನ ಭಾನುವಾರ ಬಾಗಿಲಲ್ಲಿ ಹಾರ್ನ್ ಕೇಳಿದಾಗ ಅಪ್ಪ ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡರು. ನಾನು ಕೌದಿಯ ಅಂಚು ಹಿಡಿದೆ. ಅವ್ವ ನನ್ನ ಕೈ ಬಿಡಿಸಿದಳು.

"ಕಾಡಬ್ಯಾಡವಾ ಅವರನ್ನ."

ನಾನು ಹೊರಗೆ ಹೋಗಿ ಕಾಕಾಗೆ ಹೇಳಿದೆ.

"ನೀನರ ಬರ್ತೀಯೇನು? ಈಗ ಬರತೈತಲ್ಲ ನಿನಗ," ಎಂದರು.

ಇಲ್ಲ ಎಂದೆ. ಅವರು ಗಾಡಿ ತಿರುಗಿಸಿಕೊಂಡು ಹೋದರು.