ನೆವಿಯಾ ಎಳೆಯದ ಹಳದಿ ಗೆರೆಗಳು

ಬಂದರು ನಗರ ರಿಯೇಕಾದ ಮೀನುಪೇಟೆಯ ಹಿಂದೆ ಗುಡ್ಡ ಹತ್ತುವ ಮೆಟ್ಟಿಲುದಾರಿಯಲ್ಲಿ ನೆವಿಯಾಳನ್ನು ತಿಳಿಯದವರಿಲ್ಲ. ವೈದ್ಯಕೀಯ ಗ್ರಂಥಾಲಯದಲ್ಲಿ ದುಡಿದು ನಿವೃತ್ತಳಾದ ಹೆಂಗಸು. ಇವಳ ಮುಂದೆ ಯಾರಾದರೂ ಬಾಯಿಗೆ ಬಂದದ್ದು ಹೇಳಿದರೋ, ಮುಗಿಯಿತು ಕಥೆ. "ಯಾರು ಹೇಳಿದ್ದು? ಎಲ್ಲಿ ಬರೆದಿದೆ?" ಎಂದು ಜೀವ ಹಿಂಡಿಬಿಡುತ್ತಿದ್ದಳು. ಬ್ರೆಡ್ಡಿನಂಗಡಿಯವಳಂತೂ ಇವಳು ಬಂದರೆ ಹವಾಮಾನದ ಮಾತೂ ಎತ್ತುತ್ತಿರಲಿಲ್ಲ. ಅಂಥವಳು ಆ ಚಳಿಗಾಲದಲ್ಲಿ ತನ್ನ ತಲೆಯನ್ನೇ ನಂಬದ ಹಾಗಾದಳು.

ನಿವೃತ್ತಿಯಾದ ಮೇಲೂ ಅವಳಿಗೆ ಒಂದು ಕೆಲಸ ಸಿಕ್ಕಿತ್ತು. ಮರೆವಿನ ಕಾಯಿಲೆ ಶುರುವಾಗುವಾಗ ಮೊದಲು ಕಾಣುವ ಲಕ್ಷಣ ಯಾವುದು ಎಂಬ ಬಗ್ಗೆ ಜಗತ್ತಿನಲ್ಲಿ ನಡೆದ ಸಂಶೋಧನೆಗಳನ್ನೆಲ್ಲ ಡಾಕ್ಟರ್ ಸ್ಮಿಲ್ಯಾನಾ ಒಂದೆಡೆ ಕಲೆಹಾಕುತ್ತಿದ್ದಳು. ಒಂದೊಂದು ಲೇಖನವನ್ನೂ ಇಬ್ಬರು ಬೇರೆಬೇರೆಯಾಗಿ ಓದಬೇಕು. ಮುಖ್ಯ ಸಾಲುಗಳಿಗೆ ಪರದೆಯ ಮೇಲೆ ಹಳದಿ ಬಳಿಯಬೇಕು, ಪಕ್ಕದ ಅಂಕಣಗಳನ್ನು ತುಂಬಬೇಕು: ಯಾವ ಲಕ್ಷಣ, ಎಷ್ಟು ಜನ, ಕೊನೆಗೆ ಏನಾಯಿತು. ಒಬ್ಬರು ಹಾಕಿದ ಗುರುತು ಇನ್ನೊಬ್ಬರಿಗೆ ಕಾಣದಂತೆ ತಂತ್ರಾಂಶವೇ ಮುಚ್ಚಿಡುತ್ತಿತ್ತು. ಇನ್ನೊಬ್ಬ ಓದುಗ ದೂರದ ಊರಾದ ಸ್ಪ್ಲಿತ್‌ನಲ್ಲಿದ್ದ. ನೆವಿಯಾ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದಳು. ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದ ಗಂಡ ಲಿವಿಯೋ ಅದಕ್ಕೆ 'ನಿನ್ನ ಹೊಸ ಗಂಡ' ಎಂದು ಹೆಸರಿಟ್ಟು, ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ.

ಈ ಕೆಲಸ ಬೇಡ ಎಂದು ಅವಳ ತಂಗಿ ಮೊದಲೇ ಹೇಳಿದ್ದಳು. ಯಾಕೆಂದರೆ ಅವರ ತಾಯಿ ಇದೇ ಕಾಯಿಲೆಯಲ್ಲಿ ಹೋದವಳು. ಕೊನೆಕೊನೆಗೆ ನೆವಿಯಾಳನ್ನು ನೋಡಿ, "ಅಂಚೆಯವಳು ಬಂದಿದ್ದಾಳೆ, ಕೂರಿಸಿ" ಎನ್ನುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದು ಎದ್ದು ಬಂದ ನೆವಿಯಾ, ಮುಂದಿನ ಲೇಖನ ತೆರೆದು ಹಾಗೇ ಕೂತುಬಿಟ್ಟಳು. ಅದರಲ್ಲಿ ಆಗಲೇ ಹಳದಿ ಬಳಿದಾಗಿತ್ತು. ಬಳಿದವರ ಹೆಸರು ನೆವಿಯಾ ಎಂದೇ ಇತ್ತು. ಆ ಲೇಖನವನ್ನು ಕಂಡ ನೆನಪೇ ಅವಳಿಗಿಲ್ಲ! ಅದರ ಮುಂದಿನದನ್ನು ತೆರೆದಳು, ಅಲ್ಲೂ ಅದೇ. ಅಮ್ಮನಿಗೂ ಹೀಗೇ ಶುರುವಾಗಿತ್ತಲ್ಲ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತ.

ವಾರ ಕಳೆಯುವಷ್ಟರಲ್ಲಿ ಡಾಕ್ಟರ್ ಸ್ಮಿಲ್ಯಾನಾಳ ಫೋನು ಬಂತು.

"ಏನ್ರೀ ನೆವಿಯಾ, ಹುಷಾರಾಗಿದೀರ ತಾನೆ? ಕೆಲವು ಲೇಖನಗಳಿಗೆ ಬರೀ ಹಳದಿ ಬಳಿದು ಬಿಟ್ಟಿದೀರಿ, ಅಂಕಣ ಎಲ್ಲಾ ಖಾಲಿ. ಅದೂ ಒಂದೇ ವಿಷಯಕ್ಕೆ ಬಳಿದಿದೀರಿ, ಗೊತ್ತಿರೋ ದಾರೀಲೇ ದಾರಿ ತಪ್ಪೋದು ಅಂತ."

"ಹೌದೌದು, ಅರ್ಧಕ್ಕೆ ಬಿಟ್ಟಿದ್ದೆ. ಇವತ್ತೇ ಮುಗಿಸ್ತೀನಿ" ಎಂದು ನೆವಿಯಾ ನಕ್ಕಳು.

ಅವತ್ತಿನಿಂದ ಅವಳ ನೆಮ್ಮದಿ ಹಾರಿಹೋಯಿತು. ಬೀದಿಗಿಳಿದರೆ ಪ್ರತಿ ತಿರುವಿನ ಹೆಸರನ್ನೂ ಬಾಯಲ್ಲೇ ಹೇಳಿಕೊಳ್ಳುವಳು. ಬಂದರಿನ ಗಡಿಯಾರ ಕಂಡರೆ, ನಿನ್ನೆಯೂ ಅದು ಅಲ್ಲೇ ಇತ್ತಲ್ಲವೇ ಎಂದು ತನ್ನನ್ನೇ ಕೇಳಿಕೊಳ್ಳುವಳು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಓಡಿಬರುವಳು. ಪಾಪ, ಹೆದರಿಕೆಗೇ ಬುದ್ಧಿ ಕೆಡುತ್ತದೆ ಎಂಬುದು ಅಷ್ಟು ಓದಿದವಳಿಗೂ ಹೊಳೆಯಲಿಲ್ಲ. ಲಿವಿಯೋನಿಗೆ ಹೇಳೋಣವೆಂದರೆ ಬಾಯಿ ಬರುತ್ತಿರಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೇನೋ ಎಂಬ ಭಯ.

ಅದರ ಮೇಲೆ ಅವನೂ ಒಂದು ದಿನ ಪೇಟೆಗೆ ಹೋದವನು ಮಧ್ಯಾಹ್ನ ಕಳೆದ ಮೇಲೆ ಬರಿಗೈಯಲ್ಲಿ ಬಂದ.

"ಮೀನೆಲ್ಲಿ?" ಎಂದಳು.

"ನಮ್ಮ ಹಡಗಲ್ಲಿದ್ದ ಎಡೋ ಸಿಕ್ಕಿದ. ಕಾಫಿ ಕುಡೀತಾ ಕೂತ್ವಿ."

"ಮೀನು ತಾ ಅಂದ್ರೆ ಕಾಫಿ ಕುಡಿದು ಬರ್ತಾನೆ ಮಹಾರಾಯ! ಎಣ್ಣೆ ಕಾಯಿಸಿ ಕಾಯಿಸಿ ಸಾಕಾಯ್ತು. ಈಗ ಎಡೋನನ್ನೇ ಹುರಿದು ಹಾಕ್ಲಾ?"

ಅವನು ನಗಲಿಲ್ಲ. ಕೋಟು ಬಿಚ್ಚದೆ ಕಿಟಕಿಯ ಹತ್ತಿರ ನಿಂತ. ತನ್ನ ತಲೆಬಿಸಿಯಲ್ಲೇ ಮುಳುಗಿದ್ದ ನೆವಿಯಾ ಅದನ್ನು ಗಮನಿಸಲಿಲ್ಲ. ಮರುದಿನವೇ ಹೋಗಿ ನರರೋಗದ ಡಾಕ್ಟರ ಹತ್ತಿರ ತನ್ನ ಹೆಸರು ಬರೆಸಿ ಬಂದಳು.

ಡಾಕ್ಟರನ್ನು ಕಾಣಬೇಕಾದುದರ ಹಿಂದಿನ ದಿನ ಬೆಟ್ಟದ ಕಡೆಯಿಂದ ಬೂರಾ ಎಂಬ ಚಳಿಗಾಳಿ ಎದ್ದಿತು. ಊರಿನ ಬಾಗಿಲುಗಳೆಲ್ಲ ಹೊಡೆದುಕೊಳ್ಳುತ್ತಿದ್ದವು. ಮಧ್ಯಾಹ್ನ ಮಲಗಿದ್ದ ನೆವಿಯಾ ಕಿಟಕಿಯ ಪಡಿ ಬಡಿದ ಸದ್ದಿಗೆ ಬೆಚ್ಚಿ ಎದ್ದು, ಬರಿಗಾಲಲ್ಲೇ ಅಡುಗೆಮನೆಗೆ ಬಂದಳು.

ಲಿವಿಯೋ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಮೂಗಿನ ತುದಿಗೆ ಕನ್ನಡಕ. ಹಡಗಿನ ಯಂತ್ರಗಳ ಪುಸ್ತಕ ಓದಿ ಕಲಿತ ಇಂಗ್ಲಿಷಿನಲ್ಲಿ, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದ. ನಡುನಡುವೆ ಒಂದೊಂದು ಸಾಲು ಹಳದಿಯಾಗುತ್ತಿತ್ತು.

"ನೀನಾ?" ಎಂದಳು ನೆವಿಯಾ.

ಅವನು ಕಳ್ಳನ ಹಾಗೆ ಎದ್ದು ನಿಂತ. "ಸುಮ್ನೆ ಓದ್ತಿದ್ದೆ ಕಣೆ. ಬೇಕಾದ ಸಾಲು ಮತ್ತೆ ಸಿಗ್ಲಿ ಅಂತ ಗುರುತಿಗೆ ಎಳೀತೀನಿ. ಅಳಿಸೋದು ಹೆಂಗೋ ಗೊತ್ತಾಗ್ಲಿಲ್ಲ."

ಅಬ್ಬಾ, ನಾನಲ್ಲ! ಆ ಕ್ಷಣ ನೆವಿಯಾಳಿಗೆ ಹೊಳೆದದ್ದು ಅದೊಂದೇ. ನನ್ನ ತಲೆ ಸರಿಯಾಗಿದೆ. ಕುರ್ಚಿ ಹಿಡಿದು ಗಟ್ಟಿಯಾಗಿ ನಕ್ಕುಬಿಟ್ಟಳು, ಕಣ್ಣಲ್ಲಿ ನೀರು ಬರುವಷ್ಟು.

"ಮುದಿ ಕತ್ತೆ! ನನ್ನ ಪ್ರಾಣ ಹೋಗಿತ್ತಲ್ಲೋ! ನಂಗೇ ಹುಚ್ಚು ಹಿಡೀತು ಅಂದ್ಕೊಂಡಿದ್ದೆ. ನಾಳೆ ಡಾಕ್ಟರ ಹತ್ರ ಬೇರೆ ಹೋಗೋಳಿದ್ದೆ!"

ನಗುನಗುತ್ತಲೇ ಅವಳು ಪರದೆಯ ಕಡೆ ನೋಡಿದಳು. ಹಳದಿಯಾಗಿದ್ದದ್ದು ಅದೇ ಮಾತು. ದಿನವೂ ನಡೆಯುವ ದಾರಿಯಲ್ಲಿ ದಿಕ್ಕು ತೋಚದೆ ನಿಲ್ಲುವುದು. ಅವಳ ನಗು ನಿಂತಿತು. ಈಗ ತಾನೇ 'ನಾನಲ್ಲ' ಎಂದು ಕುಣಿದ ತನ್ನ ಮನಸ್ಸನ್ನು ಕಂಡು ಅವಳಿಗೆ ಹೇಸಿಗೆಯಾಯಿತು.

"ಲಿವಿಯೋ, ಅವತ್ತು ಎಡೋ ಸಿಕ್ಕಿದ ಅಂದ್ಯಲ್ಲ."

"ಎಡೋ ಸಿಕ್ಕಿರ್ಲಿಲ್ಲ." ಅವನು ಮತ್ತೆ ಕೂತ. "ಮೆಟ್ಲ ಮಧ್ಯ ನಿಂತಿದ್ದೆ. ಮನೆ ಮೇಲಿದ್ಯಾ ಕೆಳಗಿದ್ಯಾ ಗೊತ್ತಾಗ್ಲಿಲ್ಲ. ಯಾರನ್ನಾದ್ರೂ ಕೇಳೋಣ ಅಂದ್ರೆ ಎಲ್ರೂ ಗುರುತಿನೋರೇ, ನಾಚಿಕೆ ಆಯ್ತು. ಕೈಲಿ ಮೀನಿತ್ತು. ಸುಮ್ನೆ ಕೆಡತ್ತಲ್ಲ ಅಂತ ಬೆಕ್ಕಿಗೆ ಹಾಕ್ದೆ."

"ಅದೊಂದೇ ಸಲಾನಾ?"

ಅವನು ತಲೆ ಆಡಿಸಿದ, ಇಲ್ಲ ಎಂದು. ನೆವಿಯಾ ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತಳು. ಇಷ್ಟು ದಿನ ತನಗಾಗಿ ಪಟ್ಟ ಹೆದರಿಕೆ ಇದರ ಮುಂದೆ ಏನೂ ಅಲ್ಲ ಎನ್ನಿಸಿತು.

"ನೀನು ಇಷ್ಟೆಲ್ಲಾ ಓದಿದೀಯಲ್ಲ ನೆವಿಯಾ" ಎಂದ ಅವನು. "ನಂಗೆ ಕೋಷ್ಟಕ ಎಲ್ಲಾ ತಲೆಗೆ ಹೋಗಲ್ಲ. ಇವ್ರಲ್ಲಿ ಯಾರಾದ್ರೂ ಸರಿಹೋದ್ರಾ?"

'ಕೊನೆಗೆ ಏನಾಯಿತು' ಎಂಬ ಅಂಕಣವನ್ನು ಲೇಖನದಿಂದ ಲೇಖನಕ್ಕೆ ತುಂಬಿದವಳು ಅವಳೇ. ಅದರಲ್ಲಿ ಏನೇನು ಬರೆದಿದ್ದಾಳೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಒಂದಕ್ಷರವೂ ಮರೆತಿರಲಿಲ್ಲ.

"ಸರಿಹೋಗ್ತಾರೆ" ಎಂದಳು. "ಎಷ್ಟೋ ಜನ ಸರಿಹೋಗ್ತಾರೆ."

ಲಿವಿಯೋ ಮೌಸನ್ನು ಮೆಲ್ಲಗೆ ಅವಳ ಕೈಯ ಕಡೆ ತಳ್ಳಿದ. ಕೊಂಕಿರಲಿಲ್ಲ, ಹಂಗಿಸಿದ್ದೂ ಅಲ್ಲ. ಮಗುವಿನ ಹಾಗೆ ಕೇಳಿದ: "ಎಲ್ಲಿ ಬರೆದಿದೆ? ತೋರ್ಸು."

ಹೊರಗೆ ಗಾಳಿಗೆ ಕಿಟಕಿಯ ಪಡಿ ಬಡಿದುಕೊಳ್ಳುತ್ತಲೇ ಇತ್ತು. ನೆವಿಯಾ ಮೌಸನ್ನು ಮುಟ್ಟಲಿಲ್ಲ. ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಾನು ಹೇಳ್ತಿದೀನಲ್ಲ, ಸಾಲ್ದಾ?" ಎಂದಳು. "ನಾಳೆ ಡಾಕ್ಟರ ಹತ್ರ ಇಬ್ರೂ ಹೋಗೋಣ."

"ಹೂಂ" ಎಂದು ಲಿವಿಯೋ ಲ್ಯಾಪ್‌ಟಾಪ್ ಮುಚ್ಚಿದ.