ಉಂಗುರದೊಳಗಿನ ಚುಕ್ಕಿ

ಎಂ.ಎಸ್ಸಿ. ಓದುವಾಗ ನವರಂಗಪುರದಲ್ಲಿ ನಾನಿದ್ದ ಫ್ಲ್ಯಾಟಿನ ಎದುರುಮನೆಯಲ್ಲಿ ಧಾರವಾಡದ ಗಣಿತದ ಮೇಡಂ ಒಬ್ಬರೇ ಇದ್ದರು. ಗಣಿತದ ಒಂಟಿ ಬಿಂದು, ಸೀಮಾಬಿಂದುಗಳ ಪಾಠ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಅವರು ಬಾಗಿಲ ಮುಂದಿನ ರಂಗೋಲಿಯ ಒಂದು ಚುಕ್ಕಿಯ ಸುತ್ತ ತಮ್ಮ ಬಳೆ ಇಟ್ಟರು. ಅಕ್ಕಪಕ್ಕದ ಚುಕ್ಕಿಗಳೂ ಒಳಗೆ ಬಂದವು.

"ಇನ್ನೂ ಸಣ್ಣದಿಟ್ಟು ನೋಡವಾ," ಎಂದು ಉಂಗುರ ಇಟ್ಟರು. ಒಳಗೆ ಆ ಚುಕ್ಕಿಯೊಂದೇ ಉಳಿಯಿತು. "ಇದು ಒಂಟಿ ಬಿಂದು. ಎಷ್ಟು ಸಣ್ಣ ಸುತ್ತು ಹಾಕಿದ್ರೂ ಒಳಗ ಇನ್ನೊಂದು ಸಿಗತೈತಿ ಅಂದ್ರ, ಅದು ಸೀಮಾಬಿಂದು."

ಆಮೇಲೆ ನಾನು ಏನು ಕೇಳಿದರೂ ಅವರದು ಅದೇ ಮಾತು: ಇನ್ನೂ ಸಣ್ಣದಿಟ್ಟು ನೋಡವಾ.

ಒಮ್ಮೆ ಬಾಯಿತಪ್ಪಿ ಕೇಳಿಬಿಟ್ಟೆ. "ನೀವೂ ಒಂಟಿ ಬಿಂದುನಾ ಮೇಡಂ?"

ಅವರು ಬೆರಳಿನ ಉಂಗುರ ತಿರುಗಿಸುತ್ತ ಕುಳಿತರು.

ಮುಂದೆ ಅವರಿಗೆ ಸೂರತ್ತಿಗೆ ವರ್ಗವಾಯಿತು. ಹೊರಟ ಬೆಳಿಗ್ಗೆ, ಬೀಗ ಹಾಕಿದ ಬಾಗಿಲ ಮುಂದೆ ಒಂದೇ ಒಂದು ಚುಕ್ಕಿ ಇತ್ತು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದುಕೊಂಡು ಬಗ್ಗಿ ನೋಡಿದೆ. ಚುಕ್ಕಿಗೆ ತೀರ ಹತ್ತಿರದಲ್ಲಿ, ಯಾವ ಉಂಗುರ ಇಟ್ಟರೂ ಒಳಗೇ ಬರುವಷ್ಟು ಹತ್ತಿರದಲ್ಲಿ, ರಂಗೋಲಿ ಪುಡಿಯ ಕಣಗಳಿದ್ದವು.

ಅವು ಕೈತಪ್ಪಿ ಉದುರಿದವೋ, ಮೇಡಂ ಬೇಕೆಂದೇ ಉದುರಿಸಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.