ಏಕಾಂತಯ್ಯನವರು ಬ್ಯಾಟು ಹಿಡಿದದ್ದು

ಅರವತ್ತೊಂದನೇ ವಯಸ್ಸಿನಲ್ಲಿ ಏಕಾಂತಯ್ಯನವರು ಬೇಸ್‌ಬಾಲ್ ಕಲಿತರು. ಕಲಿತರು ಎಂದರೆ ದೊಡ್ಡ ಮಾತಾಯಿತು. ಬ್ಯಾಟು ಹಿಡಿದು ನಿಲ್ಲುವುದನ್ನೂ ಬಂದ ಚೆಂಡಿಗೆ ಬೀಸುವುದನ್ನೂ ಕಲಿತರು, ಅಷ್ಟೆ. ದಾವಣಗೆರೆ ಕಡೆಯಿಂದ ನೌಕರಿಗೆಂದು ಬಂದು, ಮೂವತ್ತನಾಲ್ಕು ವರ್ಷ ಸರ್ಕಾರಿ ಗುಮಾಸ್ತಿಕೆ ಮಾಡಿ, ಅನ್ನಪೂರ್ಣೇಶ್ವರಿ ನಗರದಲ್ಲಿ ಮನೆ ಕಟ್ಟಿಕೊಂಡು ನಿವೃತ್ತರಾದವರು. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ಪೇಪರು, ಮಧ್ಯಾಹ್ನ ಒಂದು ನಿದ್ದೆ. ಆಟಗೀಟ ಅವರಿಗೆ ಆಗಿಬರುತ್ತಿರಲಿಲ್ಲ.

ಆಡುತ್ತಿದ್ದವನು ಅವರ ಒಬ್ಬನೇ ಮಗ ಗಿರಿರಾಜ್. ದಿನಾ ಬೆಳಿಗ್ಗೆ ಐದೂವರೆಗೆ ಉದ್ದನೆಯ ಬ್ಯಾಗು ಹೆಗಲಿಗೇರಿಸಿ ಮಲ್ಲತ್ತಹಳ್ಳಿ ಕೆರೆಯ ಆಚೆಗಿನ ಮೈದಾನಕ್ಕೆ ಹೊರಡುತ್ತಿದ್ದ.

“ಆಡೋದಾದ್ರೆ ಕ್ರಿಕೆಟ್ಟಾದ್ರೂ ಆಡೋ. ಇದನ್ನ ಯಾರು ನೋಡ್ತಾರೆ?” ಎಂದು ಏಕಾಂತಯ್ಯ ಬೈಯುತ್ತಿದ್ದರು.

“ಯಾರೂ ನೋಡಲ್ಲ ಅಪ್ಪ. ನೀವೇ ಬನ್ನಿ ಒಂದ್ಸಲ” ಎಂದು ಅವನು ನಗುತ್ತಿದ್ದ.

ಅವರು ಹೋಗಲಿಲ್ಲ. ಅವನ ಕಾಲೇಜು ತಂಡ ಫೈನಲ್ ಆಡಿದ ದಿನ ಶರ್ಟು ಹಾಕಿಕೊಂಡು ಹೊರಟದ್ದೇನೋ ನಿಜ. ಆದರೆ ಕಾಲು ವಿಜಯನಗರದಲ್ಲಿದ್ದ ನೆಂಟರ ಗೃಹಪ್ರವೇಶದ ಕಡೆಗೆ ತಿರುಗಿತು.

ಸೆಪ್ಟೆಂಬರಿನಲ್ಲಿ ಗಿರಿರಾಜನಿಗೆ ಡೆಂಗಿ ಜ್ವರ ಬಂತು. ಒಂಬತ್ತನೇ ದಿನ ಹೋದ. ಇಪ್ಪತ್ತೆರಡು ವರ್ಷ.

ಮಣ್ಣು ಮಾಡುವಾಗ ಒಂದೇ ಬಣ್ಣದ ಜೆರ್ಸಿ ತೊಟ್ಟ ಹದಿನೈದು ಹುಡುಗರು ಬಂದಿದ್ದರು. ಅವರಲ್ಲಿ ಒಬ್ಬನ ಹೆಸರೂ ಏಕಾಂತಯ್ಯನವರಿಗೆ ಗೊತ್ತಿರಲಿಲ್ಲ. ಆ ಹುಡುಗರು ನೆಂಟರಿಗಿಂತ ಹೆಚ್ಚು ಅತ್ತರು. ಒಬ್ಬ ಇವರ ಕೈ ಹಿಡಿದುಕೊಂಡು, ಬಿಕ್ಕುತ್ತಲೇ, ಮಗ ಯಾವುದೋ ಪಂದ್ಯದಲ್ಲಿ ಹೊಡೆದದ್ದನ್ನು ವಿವರಿಸತೊಡಗಿದ. ಇವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಸುಮ್ಮನೆ ತಲೆಯಾಡಿಸಿದರು. ಆಮೇಲೆ ಎಷ್ಟೋ ದಿನ ಇವರನ್ನು ತಿಂದದ್ದು ಅದೇ. ಮಗನ ವಿಷಯ ಹೇಳುತ್ತಿದ್ದರೆ ಅಪ್ಪನಿಗೆ ಭಾಷೆಯೇ ಬಾರದಂತಾಗಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ, ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ, ಅವರು ಆ ಮೈದಾನಕ್ಕೆ ನಡೆದರು. ಕೋಚ್ ವರಲಕ್ಷ್ಮಿ ಚೆಂಡುಗಳನ್ನು ಬಕೆಟ್ಟಿಗೆ ತುಂಬುತ್ತಿದ್ದಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು.

“ಏನ್ ಬೇಕಿತ್ತು ಸಾರ್?”

“ನಾನು ಗಿರಿರಾಜನ ತಂದೆ.”

ಅವಳ ಕೈಯಲ್ಲಿದ್ದ ಚೆಂಡು ಅಲ್ಲೇ ಉಳಿಯಿತು.

“ಅವನು ದಿನಾ ಇಲ್ಲಿ ಏನ್ ಮಾಡ್ತಿದ್ದ ಅಂತ ತಿಳ್ಕೋಬೇಕಿತ್ತಮ್ಮ. ನಂಗೂ ಕಲಿಸ್ತೀರಾ?”

ಅವಳು ವಯಸ್ಸು ಕೇಳಲಿಲ್ಲ. “ನಾಳೆ ಕ್ಯಾನ್ವಾಸ್ ಶೂ ಹಾಕ್ಕೊಂಡ್ ಬನ್ನಿ” ಎಂದಳು.

ಮೊದಲ ವಾರ ಬರೀ ನಿಲ್ಲುವುದು. ಕಾಲುಗಳ ನಡುವೆ ಭುಜದಗಲ ಜಾಗ, ಮಂಡಿ ಸ್ವಲ್ಪ ಸಡಿಲ. ಬ್ಯಾಟನ್ನು ಅಂಗೈಯಲ್ಲಿ ಅಮುಕಿ ಹಿಡಿಯುವಂತಿಲ್ಲ, ಬೆರಳುಗಳಲ್ಲಿ ಹಿಡಿಯಬೇಕು. ಕ್ರಿಕೆಟ್ಟಿನ ಹಾಗೆ ನೆಲಕ್ಕೆ ಊರುವಂತಿಲ್ಲ, ಹಿಂದಿನ ಭುಜದ ಮೇಲೆ ಎತ್ತಿರಬೇಕು. ಎರಡನೇ ವಾರ ಸೊಂಟದೆತ್ತರದ ರಬ್ಬರು ಕಂಬದ ಮೇಲೆ ಚೆಂಡಿಟ್ಟು ಹೊಡೆಸಿದಳು. ಏಕಾಂತಯ್ಯ ಬೀಸಿದಾಗಲೆಲ್ಲ ಕಂಬ ಉರುಳುತ್ತಿತ್ತು, ಚೆಂಡು ಕಾಲಬುಡದಲ್ಲೇ ಬೀಳುತ್ತಿತ್ತು. ಹುಡುಗರು ನಗು ಬಂದರೆ ಆ ಕಡೆ ತಿರುಗಿಕೊಳ್ಳುತ್ತಿದ್ದರು.

“ಕೈಯಿಂದ ಹೊಡೀಬೇಡಿ ಸಾರ್. ಮೊದ್ಲು ಸೊಂಟ ತಿರುಗ್ಬೇಕು, ಕೈ ಅದರ ಹಿಂದೆ ತಾನಾಗೇ ಬರುತ್ತೆ.”

ಮೂರನೇ ವಾರ ಅವಳೇ ಮುಂದೆ ನಿಂತು ಮೆಲ್ಲಗೆ ಚೆಂಡೆಸೆದಳು. “ಕಣ್ಣು ಮುಚ್ತಿದೀರಾ. ಬ್ಯಾಟಿಗೆ ತಗಲೋ ತನಕ ಚೆಂಡು ನೋಡಿ.”

ಒಂದು ಶನಿವಾರ ಅದು ತಗುಲಿತು. ಠಣ್ಣೆಂದ ಚೆಂಡು ವರಲಕ್ಷ್ಮಿಯ ತಲೆಯ ಮೇಲಿಂದ ಹಾರಿ ದೂರದ ಹುಲ್ಲಿನಲ್ಲಿ ಬಿತ್ತು. ಹುಡುಗರು ಚಪ್ಪಾಳೆ ತಟ್ಟಿದರು. “ಸೂಪರ್ ಅಂಕಲ್!” ಐದು ತಿಂಗಳಲ್ಲಿ ಮೊದಲ ಸಲ ಏಕಾಂತಯ್ಯ ನಕ್ಕರು.

“ನನ್ನ ಮಗನೂ ಹೀಗೇ ನಿಲ್ತಿದ್ನಾ?”

“ಇಲ್ಲ ಸಾರ್, ಅವನು ಈ ಕಡೆ.” ವರಲಕ್ಷ್ಮಿ ಬ್ಯಾಟು ಬೀಸುವ ಜಾಗದ ನೆಲದಲ್ಲಿ ಹುಗಿದಿದ್ದ ಬಿಳಿ ಹಲಗೆಯ ಇನ್ನೊಂದು ಮಗ್ಗುಲಿಗೆ ಹೋಗಿ ನಿಂತು ತೋರಿಸಿದಳು. “ಎಡಗೈಯೋನಲ್ವಾ. ಈ ಕಡೆಯಿಂದ ಹೊಡೆದ್ರೆ ಮೊದಲ್ನೇ ಬೇಸಿಗೆ ಓಡೋಕೆ ಎರಡು ಹೆಜ್ಜೆ ಕಮ್ಮಿ. ನಮ್ ಟೀಮಲ್ಲಿ ಅವನೊಬ್ನೇ ಹಂಗೆ ಇದ್ದಿದ್ದು. ಮನೇಲೂ ಎಡಗೈಲೇ ಬರೀತಿದ್ನಲ್ವಾ ಸಾರ್?”

ಏಕಾಂತಯ್ಯ ಬ್ಯಾಟನ್ನು ಮೈದಾನದ ಗೋಡೆಗೆ ಒರಗಿಸಿಟ್ಟು ಮನೆಯ ದಾರಿ ಹಿಡಿದರು.

ಗಿರಿರಾಜ್ ಐದು ವರ್ಷದವನಿದ್ದಾಗ ಬಳಪವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದ. ಏಕಾಂತಯ್ಯ ದಿನಾ ಸಂಜೆ ಆ ಕೈಯನ್ನು ಟವಲಿನಿಂದ ಕುರ್ಚಿಯ ಕಾಲಿಗೆ ಕಟ್ಟಿ, ಬಲಗೈಯಲ್ಲಿ ಬರೆಸುತ್ತಿದ್ದರು. ಬಿಚ್ಚಿಕೊಂಡರೆ ಬೆರಳ ಗಂಟಿನ ಮೇಲೆ ರೂಲುದೊಣ್ಣೆಯ ಏಟು. ಒಂದು ವರ್ಷ ಹೀಗೆ ನಡೆದು ಹುಡುಗ ಸರಿಹೋದ. ಸರಿಮಾಡಿದೆ ಎಂದು ಅವರು ಆಫೀಸಿನಲ್ಲೆಲ್ಲ ಹೇಳಿಕೊಂಡಿದ್ದರು.

ಹೆಂಡತಿ ಕಲ್ಯಾಣಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಅವನು ಎಡಗೈಲಿ ಆಡ್ತಿದ್ನಂತೆ ಕಣೇ.”

“ಗೊತ್ತು” ಎಂದರು ಕಲ್ಯಾಣಮ್ಮ, ತಲೆಯೆತ್ತದೆ. “ನೀವು ಆಫೀಸಿಗೆ ಹೋದ್ಮೇಲೆ ಬರೀತಿದ್ದಿದ್ದೂ ಅದರಲ್ಲೇ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಸುಮ್ನಿರ್ತಿದ್ರಾ?”

ಏಕಾಂತಯ್ಯ ಬಾಗಿಲಲ್ಲೇ ಕೂತುಬಿಟ್ಟರು. ಕಲ್ಯಾಣಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಒಂದು ವಾರ ಅವರು ಮನೆಬಿಟ್ಟು ಕದಲಲಿಲ್ಲ. ಆಮೇಲೆ ಹೋಗಿ, ಬಿಳಿ ಹಲಗೆಯ ಆ ಮಗ್ಗುಲಿಗೇ ನಿಂತರು. “ಈ ಕಡೆಯಿಂದ ಕಲಿಸಿ ಅಮ್ಮ” ಎಂದರು.

ಹಿಡಿತ ತಿರುವುಮುರುವಾಯಿತು, ಸೊಂಟ ಮಾತು ಕೇಳಲಿಲ್ಲ. ಬಲಗಡೆಯಿಂದ ಬಂದಿದ್ದ ವರಸೆಯೆಲ್ಲ ಇಲ್ಲಿ ಅಡ್ಡ ಬಂತು. ದಿನಾ ನಲವತ್ತು, ಐವತ್ತು ಚೆಂಡುಗಳು ಅವರನ್ನು ದಾಟಿ ಹಿಂದಿನ ಬಲೆಗೆ ಬೀಳುತ್ತಿದ್ದವು.

“ಕೈ ಬದಲಾಯ್ಸೋದು ತುಂಬಾ ಕಷ್ಟ ಸಾರ್” ಎಂದಳು ವರಲಕ್ಷ್ಮಿ ಒಂದು ದಿನ. “ಮೈ ಒಪ್ಪಲ್ಲ.”

“ಐದು ವರ್ಷದ ಮಗೂಗೂ ಒಪ್ಪಿರ್ಲಿಲ್ಲಮ್ಮ” ಎಂದರು ಏಕಾಂತಯ್ಯ. ಟವಲಿನ ವಿಷಯವನ್ನೂ ರೂಲುದೊಣ್ಣೆಯ ವಿಷಯವನ್ನೂ ಅಲ್ಲೇ ನಿಂತು ಹೇಳಿದರು. ಅವಳು ಕೇಳಿದಳು. ಬಕೆಟ್ಟಿನಿಂದ ಇನ್ನೊಂದು ಚೆಂಡು ತೆಗೆದಳು.

ಮೇ ತಿಂಗಳಲ್ಲಿ ಅವರ ಮಂಡಿ ಊದಿಕೊಂಡಿತು. ಇನ್ನು ಬೇಡವೆಂದು ಡಾಕ್ಟರು ಖಂಡಿತವಾಗಿ ಹೇಳಿದರು. ಅಷ್ಟು ದಿನದಲ್ಲಿ ಮಗನ ಕಡೆಯಿಂದ ಬೀಸಿದ ಬ್ಯಾಟಿಗೆ ಒಂದು ಚೆಂಡೂ ತಗುಲಿರಲಿಲ್ಲ.